ಓದುಗರ ಪ್ರಶ್ನೆ: ಡಚ್ಚರು ರಾಜನ ಮೇಲೆ ತಿರುಗಿಬಿದ್ದದ್ದು ಧರ್ಮಕ್ಕೋ, ದುಡ್ಡಿಗೋ?

ಕಳೆದ ಸಂಚಿಕೆಯಲ್ಲಿ ಬೇರೆ ಯಾವುದೋ ಪ್ರಶ್ನೆಗೆ ಉತ್ತರ ಬರೆಯುವಾಗ, ಸ್ಪೇನಿನ ರಾಜನ ವಿರುದ್ಧ ಡಚ್ಚರು ಎಂಬತ್ತು ವರ್ಷ ಹೋರಾಡಿದರು ಅಂತ ಒಂದು ಸಾಲು ಸೇರಿಸಿದ್ದೆ. ಆ ಒಂದು ಸಾಲನ್ನೇ ಹಿಡಿದುಕೊಂಡು ಬೆಂಗಳೂರಿನ ಮೂಲೆಮೂಲೆಯಿಂದ ಬರೆದಿದ್ದೀರಿ. ಈ ಸಲದ ಪುಟ ಪೂರ್ತಿ ಅದಕ್ಕೇ ಮೀಸಲು. ಮಿಕ್ಕ ಪ್ರಶ್ನೆಗಳು ಮುಂದಿನ ಸಲ.

ಪ್ರಶ್ನೆ: ಸಾರ್, ನಾನು ಕೆಎಎಸ್‌ಗೆ ಓದುತ್ತಿದ್ದೇನೆ. ಕೋಚಿಂಗ್‌ನಲ್ಲಿ ಡಚ್ ದಂಗೆಗೆ ಕಾರಣ ಅಂತ ಧಾರ್ಮಿಕ, ರಾಜಕೀಯ, ಆರ್ಥಿಕ ಎಂದು ಮೂರು ಹೆಡ್ಡಿಂಗ್ ಹಾಕಿ ನೋಟ್ಸ್ ಬರೆಸಿದರು. ಒಂದನ್ನೇ ಆರಿಸಬೇಕು ಅಂದರೆ ಯಾವುದು? (ವಿದ್ಯಾರ್ಥಿ, ವಿಜಯನಗರ)

ಉತ್ತರ: ಪರೀಕ್ಷೆಯಲ್ಲಿ ಮೂರೂ ಬರೆಯಿರಿ, ಮಾರ್ಕ್ಸ್ ಬರುತ್ತದೆ. ಆದರೆ ವಿಷಯ ಅರ್ಥ ಆಗಬೇಕು ಅಂದರೆ ಆ ಹೆಡ್ಡಿಂಗ್‌ಗಳನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಆ ಕಾಲದಲ್ಲಿ ಧರ್ಮದ ಕಾನೂನೇ ರಾಜಕೀಯದ ಜಗಳವಾಗಿತ್ತು. ಒಂದರಿಂದ ಇನ್ನೊಂದನ್ನು ಬಿಡಿಸೋಕೆ ಹೋದರೆ ಎರಡೂ ಕೈಗೆ ಸಿಗಲ್ಲ.

ಮೊದಲು ಜಾಗ ನೋಡಿ. ಈಗಿನ ನೆದರ್ಲೆಂಡ್ಸ್, ಬೆಲ್ಜಿಯಂ, ಲಕ್ಸೆಂಬರ್ಗ್, ಜೊತೆಗೆ ಫ್ರಾನ್ಸಿನ ಉತ್ತರದ ಒಂದು ತುಂಡು. ಇದೆಲ್ಲ ಸೇರಿ ಹದಿನೇಳು ಪ್ರಾಂತ್ಯ. ಒಬ್ಬನೇ ದೊರೆ, ಆದರೆ ಒಂದೇ ದೇಶ ಅಲ್ಲ. ಬ್ರಬಾಂಟ್‌ಗೆ ಅವನು ಡ್ಯೂಕ್, ಹಾಲೆಂಡ್‌ಗೆ ಅವನೇ ಕೌಂಟ್, ಫ್ಲಾಂಡರ್ಸ್‌ಗೂ ಅವನೇ ಕೌಂಟ್. ಒಂದೊಂದು ಪ್ರಾಂತ್ಯಕ್ಕೂ ತನ್ನದೇ ಸಭೆ, ತನ್ನದೇ ಕೋರ್ಟು, ತನ್ನದೇ ಹಳೇ ಹಕ್ಕುಪತ್ರ. ಹೊಸ ದೊರೆ ಬಂದಾಗ ಆ ಹಕ್ಕುಗಳನ್ನು ಕಾಪಾಡುತ್ತೇನೆ ಅಂತ ಪ್ರಮಾಣ ಮಾಡಬೇಕಿತ್ತು. ಬ್ರಬಾಂಟ್‌ನ 1356ರ ಹಕ್ಕುಪತ್ರವಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಡ್ಯೂಕ್ ಮಾತು ಮುರಿದರೆ, ಸರಿಪಡಿಸುವ ತನಕ ಜನ ಅವನ ಮಾತು ಕೇಳಬೇಕಾಗಿಲ್ಲ. ಗಮನಿಸಿ, ಇದು ದಂಗೆಗಿಂತ ಇನ್ನೂರು ವರ್ಷ ಹಿಂದಿನ ಕಾಗದ.

ಈಗ ಧರ್ಮಕ್ಕೆ ಬನ್ನಿ. 1517ರಲ್ಲಿ ಜರ್ಮನಿಯಲ್ಲಿ ಮಾರ್ಟಿನ್ ಲೂಥರ್ ಚರ್ಚಿನ ವಿರುದ್ಧ ದನಿ ಎತ್ತಿದ. ಅವನ ಪುಸ್ತಕಗಳು ಆಂಟ್‌ವರ್ಪ್‌ನಂಥ ವ್ಯಾಪಾರದ ಊರಿಗೆ ಬೇಗ ಬಂದುಬಿಟ್ಟವು. ಆಗಿನ ದೊರೆ ಐದನೇ ಚಾರ್ಲ್ಸ್ ಒಂದರ ಮೇಲೊಂದು ಕಟ್ಟಾಜ್ಞೆ ಹೊರಡಿಸಿದ. 1523ರಲ್ಲಿ ಬ್ರಸೆಲ್ಸ್‌ನಲ್ಲಿ ಇಬ್ಬರು ಸನ್ಯಾಸಿಗಳನ್ನು ಸುಟ್ಟರು. 1550ರ ಆಜ್ಞೆ ಎಷ್ಟು ಘೋರ ಅಂದರೆ, ನಿಷೇಧಿಸಿದ ಪುಸ್ತಕ ಇಟ್ಟುಕೊಂಡವರಿಗೂ, ಅಂಥವರಿಗೆ ಮನೆಯಲ್ಲಿ ಜಾಗ ಕೊಟ್ಟವರಿಗೂ ಸಾವೇ ಶಿಕ್ಷೆ. ತಪ್ಪಾಯ್ತು ಅಂದ ಗಂಡಸರಿಗೆ ಕತ್ತಿ, ಹೆಂಗಸರನ್ನು ಜೀವಂತ ಹೂಳುವುದು. ಪಟ್ಟು ಬಿಡದವರಿಗೆ ಬೆಂಕಿ. ಎಲ್ಲರ ಆಸ್ತಿಯೂ ಮುಟ್ಟುಗೋಲು. 1523ರಿಂದ 1566ರ ತನಕ ಹೀಗೆ ಸತ್ತವರು ಸುಮಾರು 1,300 ಜನ.

ಗಂಟು ಬೀಳುವುದು ಇಲ್ಲೇ. ಆ ಆಜ್ಞೆಗಳ ಲೆಕ್ಕದಲ್ಲಿ ಬೇರೆ ಮತ ಹಿಡಿಯುವುದು ದೇವರ ಮೇಲಿನ ಅಪರಾಧ ಮಾತ್ರ ಅಲ್ಲ, ರಾಜದ್ರೋಹವೂ ಹೌದು. ರಾಜದ್ರೋಹ ಅಂದ ತಕ್ಷಣ ಊರಿನ ಹಕ್ಕು ಅನ್ವಯಿಸಲ್ಲ ಅಂತ ಸರ್ಕಾರ ವಾದ ಮಾಡುತ್ತಿತ್ತು. ನಮ್ಮ ಊರಿನವನ ವಿಚಾರಣೆ ನಮ್ಮ ಊರಿನ ಕೋರ್ಟಿನಲ್ಲೇ ಆಗಬೇಕು ಅನ್ನುವುದು ಹಳೇ ಹಕ್ಕು. ಒಬ್ಬ ತಪ್ಪು ಮಾಡಿದರೆ ಅವನ ಆಸ್ತಿ ಪೂರ್ತಿ ಕಿತ್ತುಕೊಂಡು ಹೆಂಡತಿ ಮಕ್ಕಳನ್ನು ಬೀದಿಪಾಲು ಮಾಡಬಾರದು ಅನ್ನುವುದೂ ಹಲವು ಊರುಗಳಲ್ಲಿ ಹಕ್ಕೇ. ಈ ಎರಡನ್ನೂ ಧರ್ಮದ ಹೆಸರಲ್ಲಿ ಬದಿಗೆ ತಳ್ಳಿದರು. ಹಾಗಾಗಿ ದಿನಾ ಚರ್ಚಿಗೆ ಹೋಗುವ, ಪೋಪ್ ಮೇಲೆ ಪೂರ್ತಿ ಭಕ್ತಿ ಇರುವ ಊರಿನ ಹಿರಿಯನಿಗೂ ಮೈ ಉರಿಯಿತು. ಅವನಿಗೆ ಲೂಥರ್ ಬೇಕಿರಲಿಲ್ಲ. ಪಕ್ಕದ ಬೀದಿಯ ನೇಕಾರನನ್ನು ಬೇರೆಯವರ ಮಾತು ಕೇಳಿ ಸುಡುವುದೂ ಬೇಕಿರಲಿಲ್ಲ.

ಒಂದೇ ಸಾಲಿನಲ್ಲಿ ಹೇಳಿ ಅಂದರೆ ನಾನು ಹೀಗೆ ಬರೆಯುತ್ತೇನೆ: ಯಾರ ನಂಬಿಕೆ ಸರಿ ಅನ್ನುವ ಜಗಳಕ್ಕಿಂತ, ಅದನ್ನು ತೀರ್ಮಾನಿಸಿ ಶಿಕ್ಷೆ ಕೊಡುವ ಅಧಿಕಾರ ಯಾರದು ಅನ್ನುವ ಜಗಳ ದೊಡ್ಡದಾಯಿತು.

ಪ್ರಶ್ನೆ: ಪುಸ್ತಕಗಳಲ್ಲಿ 'ಪರಕೀಯ ಆಳ್ವಿಕೆ' ಅಂತಲೇ ಇರುತ್ತದೆ. ನಮ್ಮಲ್ಲಿ ಬ್ರಿಟಿಷರು ಬಂದ ಹಾಗೆ ಸ್ಪೇನಿನವರು ಹೋಗಿ ಗೆದ್ದುಕೊಂಡರೇ? (ನಿವೃತ್ತ ಬ್ಯಾಂಕ್ ನೌಕರರು, ಮಲ್ಲೇಶ್ವರಂ)

ಉತ್ತರ: ಇಲ್ಲ ಸಾರ್, ಯಾರೂ ಗೆದ್ದುಕೊಳ್ಳಲಿಲ್ಲ. ಮದುವೆ, ಮಕ್ಕಳು, ವಾರಸುದಾರಿಕೆಯಿಂದ ಬಂದ ಆಸ್ತಿ ಅದು. ಐದನೇ ಚಾರ್ಲ್ಸ್ ಹುಟ್ಟಿದ್ದೇ ಅಲ್ಲಿನ ಘೆಂಟ್ ಊರಿನಲ್ಲಿ, 1500ರಲ್ಲಿ. ಸ್ಪೇನ್ ಅವನಿಗೆ ಆಮೇಲೆ ಸಿಕ್ಕಿದ್ದು. ಜನಕ್ಕೆ ಅವನು ನಮ್ಮವನು. ಬೇರೆ ಮತ ಹಿಡಿದವರ ವಿಷಯದಲ್ಲಿ ಅಷ್ಟು ಕ್ರೂರವಾಗಿದ್ದರೂ ನಮ್ಮವನೇ. 1555ರಲ್ಲಿ ಬ್ರಸೆಲ್ಸ್‌ನಲ್ಲಿ ಅಧಿಕಾರ ಬಿಟ್ಟುಕೊಡುವಾಗ ಕಾಯಿಲೆಯಿಂದ ನಿಲ್ಲಲಾರದೆ ಒಬ್ಬ ಯುವಕನ ಹೆಗಲ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ. ಆ ಯುವಕನೇ ಆರೆಂಜ್‌ನ ವಿಲಿಯಂ. ಮುಂದೆ ಚಾರ್ಲ್ಸ್‌ನ ಮಗನ ವಿರುದ್ಧ ದಂಗೆಯ ನಾಯಕನಾದವನು ಇವನೇ.

ಮಗ ಎರಡನೇ ಫಿಲಿಪ್ ಹುಟ್ಟಿ ಬೆಳೆದದ್ದು ಸ್ಪೇನಿನಲ್ಲಿ. ಅಲ್ಲಿನ ಭಾಷೆಯೇ ಅವನಿಗೆ ಸಲೀಸು. 1559ರಲ್ಲಿ ನೆದರ್ಲೆಂಡ್ಸ್ ಬಿಟ್ಟು ಹೋದವನು ಮತ್ತೆ ಯಾವತ್ತೂ ಅಲ್ಲಿಗೆ ಕಾಲಿಡಲಿಲ್ಲ. ಸತ್ತದ್ದು 1598ರಲ್ಲಿ, ಲೆಕ್ಕ ಹಾಕಿಕೊಳ್ಳಿ. ತನ್ನ ಅಕ್ಕ, ಅಂದರೆ ತಂದೆಗೆ ಮದುವೆಯಾಚೆ ಹುಟ್ಟಿದ ಪಾರ್ಮಾದ ಮಾರ್ಗರೆಟ್ ಅವರನ್ನು ಬ್ರಸೆಲ್ಸ್‌ನಲ್ಲಿ ಕೂರಿಸಿ, ಸಾವಿರ ಮೈಲಿ ದೂರದಿಂದ ಕಾಗದ ಬರೆದು ಆಳುತ್ತಿದ್ದ. ಜೊತೆಗೆ ಸ್ಪೇನಿನ ಸುಮಾರು 3,000 ಸೈನಿಕರನ್ನು ಅಲ್ಲೇ ಬಿಟ್ಟಿದ್ದ, ಅವರನ್ನು ವಾಪಸ್ ಕಳಿಸೋಕೆ 1561ರ ತನಕ ಗಲಾಟೆ ಮಾಡಬೇಕಾಯಿತು. ಹೀಗೆ ಕಾನೂನಿನ ಪ್ರಕಾರ ಸ್ವಂತ ದೊರೆಯಾಗಿದ್ದವನು ಜನರ ಕಣ್ಣಿಗೆ ಹೊರಗಿನವನಾದ. ಪರಕೀಯ ಅನ್ನುವುದು ಅವನ ನಡವಳಿಕೆ ಗಳಿಸಿಕೊಂಡ ಹೆಸರು ಅಂತ ನನ್ನ ಅಭಿಪ್ರಾಯ. ವಿಲಿಯಂ ಹುಟ್ಟಿದ್ದೂ ನೆದರ್ಲೆಂಡ್ಸ್‌ನಲ್ಲಿ ಅಲ್ಲ, ಜರ್ಮನ್ ನಾಡಿನ ಡಿಲನ್‌ಬರ್ಗ್‌ನಲ್ಲಿ. ಅವನನ್ನು ಯಾರೂ ಪರಕೀಯ ಅನ್ನಲಿಲ್ಲ.

ಪ್ರಶ್ನೆ: ನಾವು ಕ್ಯಾಥೊಲಿಕರು. ರಾಜನೂ ಕ್ಯಾಥೊಲಿಕ್, ಅಲ್ಲಿನ ದೊಡ್ಡ ಮನೆತನದವರೂ ಕ್ಯಾಥೊಲಿಕ್. ಅವರವರಲ್ಲೇ ಯಾಕೆ ಹೊಡೆದಾಟ? (ಗೃಹಿಣಿ, ಫ್ರೇಜರ್ ಟೌನ್)

ಉತ್ತರ: ಒಳ್ಳೇ ಪ್ರಶ್ನೆ ಅಮ್ಮ. ಶುರುವಾದದ್ದು ಬಿಷಪ್‌ಗಳ ವಿಷಯದಲ್ಲಿ. ಇಡೀ ನಾಡಿಗೆ ಬಿಷಪ್ ಪೀಠ ಇದ್ದದ್ದು ನಾಲ್ಕೇ ನಾಲ್ಕು. ಜನಸಂಖ್ಯೆಗೆ ಅದು ಏನೇನೂ ಸಾಲದು. 1559ರಲ್ಲಿ ಪೋಪ್ ಒಪ್ಪಿಗೆಯಿಂದ ಫಿಲಿಪ್ ಅದನ್ನು ಹದಿನೆಂಟಕ್ಕೆ ಏರಿಸಿದ. ಚರ್ಚಿನ ದೃಷ್ಟಿಯಿಂದ ಇದು ಸರಿಯಾದ ಕೆಲಸವೇ, ಸುಧಾರಣೆಯೇ.

ಆದರೆ ಒಳಗೆ ಏನಿತ್ತು ನೋಡಿ. ಹೊಸ ಬಿಷಪ್‌ಗಳಿಗೆ ದುಡ್ಡು ಎಲ್ಲಿಂದ? ಬ್ರಬಾಂಟ್‌ನ ಶ್ರೀಮಂತ ಮಠಗಳ ಆದಾಯದಿಂದ. ಆ ಮಠಾಧಿಪತಿಗಳು ಪ್ರಾಂತ್ಯದ ಸಭೆಯಲ್ಲಿ ಕೂರುತ್ತಿದ್ದವರು, ತೆರಿಗೆಗೆ ಹೂಂ ಅನ್ನಬೇಕಾದವರು. ಅವರ ಜಾಗಕ್ಕೆ ರಾಜ ಆರಿಸಿದ ಬಿಷಪ್ ಬಂದರೆ ಸಭೆಯ ಆ ಓಟು ರಾಜನ ಜೇಬಿಗೆ. ಇನ್ನೊಂದು, ಬಿಷಪ್ ಆಗಬೇಕಾದರೆ ದೇವತಾಶಾಸ್ತ್ರವನ್ನೋ ಚರ್ಚಿನ ಕಾನೂನನ್ನೋ ಓದಿರಬೇಕು ಅಂತ ನಿಯಮ ಬಂತು. ದೊಡ್ಡ ಮನೆತನಗಳ ಎರಡನೇ, ಮೂರನೇ ಗಂಡುಮಕ್ಕಳಿಗೆ ಸುಮ್ನೆ ಸಿಗುತ್ತಿದ್ದ ಹುದ್ದೆ ತಪ್ಪಿಹೋಯಿತು. ಮೂರನೆಯದು, ಪ್ರತಿ ಪೀಠದಲ್ಲೂ ಇಬ್ಬರು ಮತದ್ರೋಹ ವಿಚಾರಣೆಯ ಅಧಿಕಾರಿಗಳು. ಇದು ಕೇಳಿದ ತಕ್ಷಣ ಸ್ಪೇನಿನ ಇನ್‌ಕ್ವಿಸಿಷನ್ ಇಲ್ಲಿಗೂ ಬಂತು ಅಂತ ಗಾಳಿಸುದ್ದಿ ಹಬ್ಬಿತು. ಅದು ನಿಜ ಅಲ್ಲ. ಅಲ್ಲಿ ಮೊದಲಿಂದ ಇದ್ದ ವಿಚಾರಣಾ ವ್ಯವಸ್ಥೆಯೇ ಸಾಕಷ್ಟು ಕಠೋರವಾಗಿತ್ತು, ಹೊಸದಾಗಿ ತರುವ ಅಗತ್ಯವೇ ಇರಲಿಲ್ಲ ಅನ್ನಿ. ಆದರೂ ಜನ ನಂಬಿದರು.

ಈ ಎಲ್ಲದರ ತಲೆಗೆ ಕೂತವನು ಗ್ರಾನ್‌ವೆಲ್, ಹೊಸ ಆರ್ಚ್‌ಬಿಷಪ್, ರಾಜನ ನಂಬುಗೆಯ ಮಂತ್ರಿ. ಅಲ್ಲಿನ ದೊಡ್ಡ ಮನೆತನಗಳ ವಿಲಿಯಂ, ಎಗ್ಮಾಂಟ್, ಹೋರ್ನ್ ಮೂವರೂ ರಾಜ್ಯ ಮಂಡಳಿಯ ಸದಸ್ಯರಾಗಿದ್ದರೂ ನಿಜವಾದ ತೀರ್ಮಾನ ಬೇರೆ ಕಡೆ ಆಗುತ್ತಿತ್ತು. ಇವನು ಇರುವ ತನಕ ನಾವು ಸಭೆಗೆ ಬರಲ್ಲ ಅಂತ ಹಟ ಹಿಡಿದರು. 1564ರಲ್ಲಿ ಗ್ರಾನ್‌ವೆಲ್ ಜಾಗ ಖಾಲಿ ಮಾಡಿದ. ಅದೇ ವರ್ಷದ ಕೊನೆಯ ದಿನ ವಿಲಿಯಂ ಮಂಡಳಿಯಲ್ಲಿ ಒಂದು ದೀರ್ಘ ಭಾಷಣ ಮಾಡಿದ. ತಾನು ಕ್ಯಾಥೊಲಿಕ್ ಆಗಿಯೇ ಇರುತ್ತೇನೆ, ಆದರೆ ದೊರೆಗಳು ಜನರ ಆತ್ಮಸಾಕ್ಷಿಯ ಮೇಲೂ ಆಳ್ವಿಕೆ ಮಾಡುವುದನ್ನು ಒಪ್ಪಲಾರೆ ಅನ್ನುವುದು ಅದರ ಸಾರ. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಅವನ ತಂದೆತಾಯಿ ಲೂಥರನ ಕಡೆಯವರು, ಹನ್ನೊಂದನೇ ವಯಸ್ಸಿನಲ್ಲಿ ದೊಡ್ಡ ಆಸ್ತಿ ಬಂದಾಗ ಕ್ಯಾಥೊಲಿಕ್ ಆಗಿ ಬೆಳೆಸಬೇಕು ಅನ್ನುವ ಷರತ್ತಿನ ಮೇಲೆ ಬಂತು, 1573ರಲ್ಲಿ ಪ್ರಾಟೆಸ್ಟೆಂಟರದೇ ಇನ್ನೊಂದು ಕವಲಾದ ಕ್ಯಾಲ್ವಿನ್ ಪಂಥ ಸೇರಿದ. ಮೂರು ಮನೆ ನೋಡಿದ ಮನುಷ್ಯ.

ಇನ್ನೊಂದನ್ನೂ ಹೇಳಿಬಿಡಬೇಕು. ದಂಗೆಕೋರರೆಲ್ಲ ಸಾಧುಗಳಲ್ಲ. 1572ರ ಜುಲೈನಲ್ಲಿ ಬ್ರಿಲ್ ಊರಲ್ಲಿ ಅವರು ಹತ್ತೊಂಬತ್ತು ಕ್ಯಾಥೊಲಿಕ್ ಪಾದ್ರಿಗಳನ್ನು ಗಲ್ಲಿಗೇರಿಸಿದರು. ವಿಲಿಯಂ ಬೇಡ ಅಂದಿದ್ದ, ಕೇಳಲಿಲ್ಲ.

ಪ್ರಶ್ನೆ: ದಂಗೆ ಎದ್ದವರಿಗೆ ಭಿಕ್ಷುಕರು ಅಂತ ಹೆಸರು ಯಾಕೆ? (ಓದುಗರು, ಚಾಮರಾಜಪೇಟೆ)

ಉತ್ತರ: 1566ರ ಏಪ್ರಿಲ್ 5ರಂದು ನೂರಾರು ಸಣ್ಣ ಶ್ರೀಮಂತರು ಒಟ್ಟಾಗಿ ಬ್ರಸೆಲ್ಸ್ ಅರಮನೆಗೆ ನಡೆದು ಹೋಗಿ, ಮತದ್ರೋಹದ ಆಜ್ಞೆಗಳನ್ನು ಸಡಿಲ ಮಾಡಿ ಅಂತ ಮಾರ್ಗರೆಟ್‌ಗೆ ಅರ್ಜಿ ಕೊಟ್ಟರು. ಆಕೆ ಗಾಬರಿಯಾದಾಗ ಪಕ್ಕದಲ್ಲಿದ್ದ ಮಂತ್ರಿ ಬೆರ್ಲೆಮಾಂಟ್, ಈ ಭಿಕ್ಷುಕರಿಗೆ ಹೆದರುವುದೇ ಅಂದನಂತೆ. ಬೈಗುಳವನ್ನೇ ಬಿರುದು ಮಾಡಿಕೊಂಡರು. ಆಮೇಲಿನ ಔತಣದಲ್ಲಿ ಭಿಕ್ಷಾಪಾತ್ರೆ ಹಿಡಿದು ಜಯಕಾರ ಹಾಕಿದರು. ಸಮುದ್ರದಲ್ಲಿ ಹಡಗು ದೋಚುತ್ತಿದ್ದ ದಂಗೆಕೋರರಿಗೂ ಕಡಲ ಭಿಕ್ಷುಕರು ಅಂತಲೇ ಹೆಸರಾಯಿತು.

ಪ್ರಶ್ನೆ: 1566ರಲ್ಲಿ ಚರ್ಚುಗಳಲ್ಲಿದ್ದ ಮೂರ್ತಿಗಳನ್ನು ಒಡೆದರು ಅಂತ ಓದಿದೆ. ಹಸಿವಿನಿಂದ ರೊಚ್ಚಿಗೆದ್ದ ಜನರ ಗಲಾಟೆಯೋ, ಬೇಕಂತಲೇ ಮಾಡಿದ್ದೋ? (ಕಾಲೇಜು ಉಪನ್ಯಾಸಕಿ, ಬಸವನಗುಡಿ)

ಉತ್ತರ: ಎರಡೂ ಹೌದು ಮೇಡಂ, ಆದರೆ ಎರಡನೆಯದು ಜಾಸ್ತಿ.

ನಮ್ಮ ಕಡೆ ರಕ್ಕಸತಂಗಡಿ ಯುದ್ಧ ಆಗಿ ವಿಜಯನಗರ ಬಿದ್ದ ವರ್ಷ 1565. ಅದೇ ವರ್ಷ ಅಲ್ಲಿ ಡೆನ್ಮಾರ್ಕ್ ಮತ್ತು ಸ್ವೀಡನ್ ನಡುವೆ ಯುದ್ಧ ನಡೆದು ಬಾಲ್ಟಿಕ್ ಕಡಲಿನ ದಾರಿಗೆ ಅಡ್ಡಿಯಾಯಿತು. ನೆದರ್ಲೆಂಡ್ಸ್‌ನ ಊರುಗಳು ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದದ್ದೇ ಬಾಲ್ಟಿಕ್‌ನಿಂದ ಹಡಗಿನಲ್ಲಿ ಬರುವ ರೈ ಧಾನ್ಯದಿಂದ. ಆ ಚಳಿಗಾಲ ಧಾನ್ಯದ ಬೆಲೆ ಗಗನಕ್ಕೇರಿತು. ಅದಕ್ಕೂ ಸ್ವಲ್ಪ ಹಿಂದೆ ಇಂಗ್ಲೆಂಡ್ ಜೊತೆ ಜಗಳ ಆಗಿ ಬಟ್ಟೆ ವ್ಯಾಪಾರ ನಿಂತು ನೇಕಾರರು ಕೆಲಸ ಕಳೆದುಕೊಂಡಿದ್ದರು. ಅದೇ ಅಕ್ಟೋಬರ್‌ನಲ್ಲಿ ಫಿಲಿಪ್ ಸೆಗೋವಿಯಾದ ಕಾಡಿನ ಅರಮನೆಯಿಂದ ಕಾಗದ ಬರೆದು, ಆಜ್ಞೆಗಳಲ್ಲಿ ಒಂದಕ್ಷರವೂ ಸಡಿಲ ಆಗಲ್ಲ ಅಂತ ಹೇಳಿದ. ಹಸಿವು, ನಿರುದ್ಯೋಗ, ಇದರ ಮೇಲೆ ಈ ಕಾಗದ. ಗಾಯದ ಮೇಲೆ ಬರೆ.

ಏಪ್ರಿಲ್ ಅರ್ಜಿಯ ನಂತರ ಮಾರ್ಗರೆಟ್ ಸ್ವಲ್ಪ ಬಿಗಿ ಸಡಿಲಿಸಿದರು. ಅಷ್ಟೇ ಸಾಕಾಯಿತು. ಹೊರದೇಶಕ್ಕೆ ಓಡಿಹೋಗಿದ್ದ ಬೋಧಕರು ವಾಪಸ್ ಬಂದರು. ಊರ ಗೋಡೆಯ ಹೊರಗೆ, ಬಯಲಿನಲ್ಲಿ ಸಾವಿರಾರು ಜನ ಸೇರಿ ಬೋಧನೆ ಕೇಳುತ್ತಿದ್ದರು, ಕೆಲವರು ಆಯುಧ ಹಿಡಿದು ಬರುತ್ತಿದ್ದರು. ಇವರು ಲೂಥರನವರಲ್ಲ, ಕ್ಯಾಲ್ವಿನ್ ಪಂಥದವರು, ಜಿನೀವಾ ಮತ್ತು ಫ್ರಾನ್ಸ್ ಕಡೆಯಿಂದ ಬಂದ ಚಿಂತನೆ. ಸಂಖ್ಯೆ ಕಮ್ಮಿ, ಸಂಘಟನೆ ಗಟ್ಟಿ. ಮೂರ್ತಿಪೂಜೆ ಪಾಪ, ಅದನ್ನು ಮೊದಲು ತೆಗೆಯಬೇಕು ಅನ್ನುವುದು ಅವರ ಬೋಧನೆಯಲ್ಲೇ ಇತ್ತು.

ಆಗಸ್ಟ್ 10ರಂದು ಸ್ಟೇನ್‌ವೋರ್ಡೆ ಅನ್ನುವ ಸಣ್ಣ ಊರಲ್ಲಿ ಬೋಧನೆ ಕೇಳಿದ ಜನ ನೇರ ಹೋಗಿ ಮಠದ ಮೂರ್ತಿಗಳನ್ನು ಒಡೆದರು. ಹತ್ತು ದಿನದಲ್ಲಿ ಅದು ಆಂಟ್‌ವರ್ಪ್ ಮುಟ್ಟಿತು. ಅಲ್ಲಿನ ಕ್ಯಾಥೆಡ್ರಲ್ ಒಂದೇ ರಾತ್ರಿಯಲ್ಲಿ ಹಾಳಾಯಿತು. ಆಮೇಲೆ ಹಾಲೆಂಡ್, ಉಟ್ರೆಕ್ಟ್, ಇನ್ನೂ ಉತ್ತರಕ್ಕೆ. ಬರೀ ಹಸಿವಿನ ಗಲಾಟೆ ಆಗಿದ್ದರೆ ಧಾನ್ಯದ ಉಗ್ರಾಣಕ್ಕೆ ನುಗ್ಗಬೇಕಿತ್ತು, ಅಲ್ವಾ? ಶ್ರೀಮಂತರ ಮನೆಗಳನ್ನು ಹೆಚ್ಚಾಗಿ ಮುಟ್ಟಲಿಲ್ಲ. ಒಡೆದದ್ದು ಮೂರ್ತಿ, ಚಿತ್ರ, ಪೂಜಾಪೀಠ. ಎಷ್ಟೋ ಕಡೆ ಒಡೆದವರು ಸಣ್ಣ ತಂಡ, ಕೂಲಿ ಕೊಟ್ಟು ಕರೆಸಿಕೊಂಡವರೂ ಇದ್ದರು.

ನನಗೆ ಒಡೆದವರಿಗಿಂತ ನಿಂತು ನೋಡಿದವರೇ ಮುಖ್ಯ ಅನ್ನಿಸುತ್ತದೆ. ಊರ ಕಾವಲಿನ ಪಡೆಗಳಲ್ಲಿ ಇದ್ದವರು ಬಹುಪಾಲು ಕ್ಯಾಥೊಲಿಕರೇ. ಪಾದ್ರಿಗಳಿಗಾಗಿ ನಾವು ನಮ್ಮೂರಿನವರ ಜೊತೆ ಹೊಡೆದಾಡಲ್ಲ ಅಂತ ಹಲವು ಕಡೆ ಕೈಕಟ್ಟಿ ನಿಂತರು. ನಲವತ್ತು ವರ್ಷ ಊರಿನ ಹಕ್ಕು ಮೀರಿ ಜನರನ್ನು ಸುಟ್ಟದ್ದರ ಫಲ ಅದು. ಅಧಿಕಾರದ ಮೇಲಿನ ವಿಶ್ವಾಸ ಹೋದಮೇಲೆ ಕಾಯುವವರು ಯಾರು?

ತಮಾಷೆ ಏನಂದರೆ, ಇದರಿಂದ ದಂಗೆಗೆ ಲಾಭ ಆಗಲಿಲ್ಲ. ಶ್ರೀಮಂತರು ಬೆಚ್ಚಿಬಿದ್ದು ಮಾರ್ಗರೆಟ್ ಕಡೆಗೆ ವಾಲಿದರು. 1567ರ ಮಾರ್ಚ್ ಹೊತ್ತಿಗೆ ಆಕೆ ಎಲ್ಲವನ್ನೂ ಹತೋಟಿಗೆ ತಂದಿದ್ದರು. ಕತೆ ಅಲ್ಲಿಗೇ ಮುಗಿಯಬಹುದಿತ್ತು.

ಪ್ರಶ್ನೆ: ನಮ್ಮದು ಮೂರು ತಲೆಮಾರಿನ ಬಟ್ಟೆ ವ್ಯಾಪಾರ. ಹತ್ತು ಪರ್ಸೆಂಟ್ ತೆರಿಗೆ ಹಾಕಿದ್ದಕ್ಕೆ ಡಚ್ಚರು ದಂಗೆ ಎದ್ದರಂತೆ, ಹೌದಾ? ಹಂಗಾದ್ರೆ ನಾವು ದಿನಾ ಏಳಬೇಕಲ್ಲ ಸ್ವಾಮಿ! (ವ್ಯಾಪಾರಿ, ಚಿಕ್ಕಪೇಟೆ)

ಉತ್ತರ: ನೀವು ಕೇಳಿದ್ದು ಚೆನ್ನಾಗಿದೆ, ಲೆಕ್ಕ ನಿಮಗೆ ಬೇಗ ಅರ್ಥ ಆಗುತ್ತದೆ. ಮೂರ್ತಿ ಒಡೆದ ಸುದ್ದಿ ಸ್ಪೇನಿಗೆ ಹೋದಾಗ ಫಿಲಿಪ್ ಕೆಂಡವಾದ. ಮತದ್ರೋಹಿಗಳ ದೊರೆ ಅನ್ನಿಸಿಕೊಳ್ಳುವುದಕ್ಕಿಂತ ರಾಜ್ಯವನ್ನೆಲ್ಲ ಕಳೆದುಕೊಂಡರೂ ಪರವಾಗಿಲ್ಲ ಅಂತ ಅವನು ಅದಕ್ಕೂ ಸ್ವಲ್ಪ ಮೊದಲೇ ಪೋಪ್‌ಗೆ ಹೇಳಿಕಳಿಸಿದ್ದ. 1567ರ ಆಗಸ್ಟ್‌ನಲ್ಲಿ ಅವನು ಕಳಿಸಿದ ಸೇನಾಪತಿ ಆಲ್ಬಾ ಡ್ಯೂಕ್ ಸುಮಾರು 10,000 ಸೈನಿಕರ ಜೊತೆ ಬ್ರಸೆಲ್ಸ್‌ಗೆ ಬಂದ. ಆಗ ನಾಡು ಶಾಂತವಾಗಿತ್ತು, ನೆನಪಿಡಿ. ಅವನು ಸ್ಥಾಪಿಸಿದ ವಿಶೇಷ ನ್ಯಾಯಮಂಡಳಿಗೆ ಜನ ಇಟ್ಟ ಹೆಸರು ರಕ್ತ ಮಂಡಳಿ. ಸಾವಿರಕ್ಕೂ ಹೆಚ್ಚು ಜನರಿಗೆ ಮರಣದಂಡನೆ ಜಾರಿಯಾಯಿತು, ಅದರ ಎಷ್ಟೋ ಪಟ್ಟು ಜನರ ಆಸ್ತಿ ಹೋಯಿತು. 1568ರ ಜೂನ್ 5ರಂದು ಬ್ರಸೆಲ್ಸ್‌ನ ದೊಡ್ಡ ಚೌಕದಲ್ಲಿ ಎಗ್ಮಾಂಟ್ ಮತ್ತು ಹೋರ್ನ್ ಇಬ್ಬರ ತಲೆ ಕಡಿದರು. ಎಗ್ಮಾಂಟ್ ಯಾರು? ಫಿಲಿಪ್‌ಗಾಗಿ ಫ್ರಾನ್ಸ್ ವಿರುದ್ಧ ಎರಡು ದೊಡ್ಡ ಯುದ್ಧ ಗೆದ್ದುಕೊಟ್ಟವನು, ಕೊನೆಯ ಉಸಿರಿನ ತನಕ ಕ್ಯಾಥೊಲಿಕ್. ವಿಲಿಯಂ ಮೊದಲೇ ಜರ್ಮನಿಗೆ ತಪ್ಪಿಸಿಕೊಂಡಿದ್ದ. ಓದುತ್ತಿದ್ದ ಅವನ ಹಿರಿಮಗನನ್ನು ಸ್ಪೇನಿಗೆ ಎಳೆದುಕೊಂಡು ಹೋದರು.

ಇಷ್ಟು ದೊಡ್ಡ ಸೈನ್ಯಕ್ಕೆ ಸಂಬಳ ಬೇಕಲ್ಲ. 1569ರಲ್ಲಿ ಆಲ್ಬಾ ಮೂರು ತೆರಿಗೆ ಕೇಳಿದ. ಆಸ್ತಿಯ ಮೇಲೆ ಒಂದೇ ಒಂದು ಸಲ ಶೇ. 1, ಅದು ಹೇಗೋ ವಸೂಲಾಯಿತು. ಜಮೀನು ಮನೆ ಮಾರಿದರೆ ಶೇ. 5. ಮಿಕ್ಕ ಎಲ್ಲ ಸರಕಿನ ಮೇಲೆ, ಪ್ರತಿ ಸಲ ಮಾರಿದಾಗಲೂ ಶೇ. 10.

ಪ್ರತಿ ಸಲ, ಅದೇ ವಿಷ. ನಿಮ್ಮ ಜಿಎಸ್‌ಟಿಯಲ್ಲಿ ಹಿಂದಿನವರು ಕಟ್ಟಿದ್ದು ಇನ್‌ಪುಟ್ ಕ್ರೆಡಿಟ್ ಆಗಿ ಕಳೆಯುತ್ತದೆ. ಅಲ್ಲಿ ಅದಿಲ್ಲ. ಉಣ್ಣೆ ಮಾರಿದವನು ಕಟ್ಟಬೇಕು, ನೂಲು ಮಾರಿದವನು ಕಟ್ಟಬೇಕು, ನೇಯ್ದು ಮಾರಿದವನು, ಬಣ್ಣ ಹಾಕಿ ಮಾರಿದವನು ಎಲ್ಲರೂ ಕಟ್ಟಬೇಕು. ಯಾರೂ ಒಂದು ಪೈಸೆ ಲಾಭ ಇಟ್ಟುಕೊಳ್ಳದಿದ್ದರೂ 100 ರೂಪಾಯಿ ಮಾಲು ನಾಲ್ಕು ಕೈ ದಾಟುವಷ್ಟರಲ್ಲಿ 146 ರೂಪಾಯಿ ದಾಟುತ್ತದೆ. ಬಟ್ಟೆ ಮಾಡಿ ಹೊರದೇಶಕ್ಕೆ ಮಾರಿ ಬದುಕುವ ನಾಡಿಗೆ ಇದು ಕುತ್ತಿಗೆಗೆ ಹಗ್ಗ.

ಆದರೂ ಬರೀ ದರದ ಜಗಳ ಅಲ್ಲ. ಇಷ್ಟು ದಿನ ರಾಜ ದುಡ್ಡು ಬೇಕಾದಾಗ ಪ್ರಾಂತ್ಯಗಳ ಸಭೆ ಕರೆಯಬೇಕಿತ್ತು. ಅವರು ಚೌಕಾಸಿ ಮಾಡಿ, ತಮ್ಮ ದೂರು ಹೇಳಿಕೊಂಡು, ಆಮೇಲೆ ಇಷ್ಟು ಕೊಡುತ್ತೇವೆ ಅನ್ನುತ್ತಿದ್ದರು. ಶೇ. 10 ಶಾಶ್ವತ ತೆರಿಗೆ ಆದರೆ ರಾಜ ಸಭೆ ಕರೆಯುವ ಅಗತ್ಯವೇ ಇರಲ್ಲ. ಸೈನ್ಯವೂ ಶಾಶ್ವತ, ಸಂಬಳವೂ ಶಾಶ್ವತ. ಹೀಗಾಗಿ ಎರಡು ವರ್ಷಕ್ಕೆ ಒಂದು ಗೊತ್ತಾದ ಮೊತ್ತ ಕೊಡುತ್ತೇವೆ ಅಂತ ಸಭೆಗಳು ರಾಜಿ ಮಾಡಿಕೊಂಡವು. ಗಡುವು ಮುಗಿದ ಮೇಲೆ, 1571ರಲ್ಲಿ, ಒಪ್ಪಿಗೆ ಇಲ್ಲದೆಯೇ ವಸೂಲಿ ಮಾಡುತ್ತೇನೆ ಅಂತ ಆಲ್ಬಾ ಹೊರಟ. ಬ್ರಸೆಲ್ಸ್‌ನಲ್ಲಿ ವ್ಯಾಪಾರಿಗಳು ಅಂಗಡಿ ಮುಚ್ಚಿ ಕೂತರು. ಕೊನೆಗೂ ಆ ಶೇ. 10 ಸರಿಯಾಗಿ ವಸೂಲಾಗಲೇ ಇಲ್ಲ. ಕಟ್ಟದ ತೆರಿಗೆಗೆ ದಂಗೆ ಎದ್ದರು ಅನ್ನಬಹುದು.

ಇಷ್ಟು ಹೊತ್ತಿಗೆ 1572. ಇಂಗ್ಲೆಂಡಿನ ರಾಣಿ ಎಲಿಜಬೆತ್ ತನ್ನ ಬಂದರುಗಳಿಂದ ಕಡಲ ಭಿಕ್ಷುಕರನ್ನು ಓಡಿಸಿದರು. ಹೋಗೋಕೆ ಜಾಗ ಇಲ್ಲದೆ ಏಪ್ರಿಲ್ 1ರಂದು ಬ್ರಿಲ್ ಬಂದರಿಗೆ ಬಂದರೆ ಅಲ್ಲಿ ಕಾವಲು ಪಡೆಯೇ ಇರಲಿಲ್ಲ. ಊರು ಹಿಡಿದರು. ನಂತರ ಹಾಲೆಂಡ್, ಝೀಲೆಂಡ್‌ನ ಊರುಗಳು ಒಂದೊಂದಾಗಿ ಬಾಗಿಲು ತೆರೆದವು. ಪ್ರೀತಿಯಿಂದ ತೆರೆದವು ಅಂತಲ್ಲ, ಭಿಕ್ಷುಕರ ಕಂಡರೆ ಭಯ ಇತ್ತು, ಆಲ್ಬಾ ಕಂಡರೆ ಇನ್ನೂ ಜಾಸ್ತಿ ಭಯ ಇತ್ತು.

ಪ್ರಶ್ನೆ: ದೊಡ್ಡವರ ಕಾರಣ ಸರಿ. ಹೋರಾಡಿದ ಸಾಮಾನ್ಯ ಜನ ಯಾವುದಕ್ಕಾಗಿ ಹೋರಾಡುತ್ತಿದ್ದೇವೆ ಅಂದುಕೊಂಡಿದ್ದರು? (ಪ್ರೌಢಶಾಲೆ ಶಿಕ್ಷಕರು, ಕೆಂಗೇರಿ)

ಉತ್ತರ: ಮಕ್ಕಳಿಗೆ ಹೇಳೋಕೆ ಒಂದು ಪ್ರಸಂಗ ಕೊಡುತ್ತೇನೆ. 1574ರಲ್ಲಿ ಲೈಡನ್ ಊರನ್ನು ಸ್ಪೇನಿನ ಸೈನ್ಯ ಸುತ್ತುವರಿದಿತ್ತು. ಲೋಹದ ನಾಣ್ಯ ಸಾಲದೆ ಕಾಗದದ ನಾಣ್ಯ ಹೊರಡಿಸಿದರು. ಅದರ ಮೇಲೆ ಲ್ಯಾಟಿನ್‌ನಲ್ಲಿ 'ಇದು ಸ್ವಾತಂತ್ರ್ಯಕ್ಕಾಗಿ' ಅಂತ ಅಚ್ಚು ಹಾಕಿದರು. ಕ್ಯಾಲ್ವಿನ್ ಪಂಥದ ಬೋಧಕರು ಸಿಟ್ಟಾದರು. 'ಇದು ಧರ್ಮಕ್ಕಾಗಿ' ಅಂತ ಇರಬೇಕಿತ್ತು ಅನ್ನುವುದು ಅವರ ತಕರಾರು. ಹೊರಗೆ ಶತ್ರು, ಒಳಗೆ ಹಸಿವು ಮತ್ತು ಪ್ಲೇಗ್, ಅದರ ನಡುವೆ ಈ ಜಗಳ! ಅಂದರೆ ನಿಮ್ಮ ಪ್ರಶ್ನೆಯನ್ನೇ ಅವರೂ ಕೇಳಿಕೊಳ್ಳುತ್ತಿದ್ದರು, ಒಮ್ಮತ ಇರಲಿಲ್ಲ. ಕಡೆಗೆ ದಂಗೆಯವರು ಏರಿಗಳನ್ನು ಒಡೆದು ಹೊಲಗಳಿಗೆ ನೀರು ನುಗ್ಗಿಸಿ, ಚಪ್ಪಟೆ ದೋಣಿಗಳಲ್ಲಿ ಬಂದು ಅಕ್ಟೋಬರ್ 3ರಂದು ಊರನ್ನು ಬಿಡಿಸಿದರು. ಈಗಲೂ ಆ ದಿನ ಲೈಡನ್‌ನಲ್ಲಿ ಹೆರಿಂಗ್ ಮೀನು ಮತ್ತು ಬಿಳಿ ಬ್ರೆಡ್ ಹಂಚುತ್ತಾರೆ.

ಆ ನಾವಿಕರಲ್ಲಿ ಕೆಲವರು ಅರ್ಧಚಂದ್ರದ ಪದಕ ಧರಿಸುತ್ತಿದ್ದರು. ಪೋಪ್‌ನವರಾಗುವುದಕ್ಕಿಂತ ತುರ್ಕರಾಗುವುದೇ ವಾಸಿ ಅಂತ ಅದರ ಮೇಲೆ ಬರೆದಿತ್ತು. ಅವರಿಗೆ ಯಾವ ಗೊಂದಲವೂ ಇರಲಿಲ್ಲ ಅನ್ನಿ.

ಪ್ರಶ್ನೆ: ಹಾಲೆಂಡ್ ಪ್ರಾಟೆಸ್ಟೆಂಟ್, ಬೆಲ್ಜಿಯಂ ಕ್ಯಾಥೊಲಿಕ್. ಉತ್ತರದ ಜನ ಮೊದಲಿಂದಲೂ ಹೊಸ ಮತದ ಕಡೆ ಇದ್ದದ್ದೇ ಕಾರಣ ಅಲ್ವಾ? (ಐಟಿ ಉದ್ಯೋಗಿ, ಇಂದಿರಾನಗರ)

ಉತ್ತರ: ತಲೆಕೆಳಗು. 1566ರಲ್ಲಿ ಕ್ಯಾಲ್ವಿನ್ ಪಂಥ ಜೋರಾಗಿ ಇದ್ದದ್ದು ದಕ್ಷಿಣದಲ್ಲಿ, ಅಂದರೆ ಈಗಿನ ಬೆಲ್ಜಿಯಂ ಕಡೆಯ ಆಂಟ್‌ವರ್ಪ್, ಘೆಂಟ್‌ನಲ್ಲಿ. ಆಮ್‌ಸ್ಟರ್‌ಡ್ಯಾಂ 1578ರ ತನಕ ರಾಜನ ಪರ ಇದ್ದ ಕ್ಯಾಥೊಲಿಕ್ ಊರು.

1575ರಲ್ಲಿ ಫಿಲಿಪ್ ಸಾಲ ತೀರಿಸಲಾಗದೆ ಕೈಯೆತ್ತಿದ. ಸಂಬಳ ಸಿಗದ ಅವನ ಸೈನಿಕರು 1576ರ ನವೆಂಬರ್ 4ರಂದು ಆಂಟ್‌ವರ್ಪ್ ಊರನ್ನೇ ಲೂಟಿ ಮಾಡಿ ಸಾವಿರಾರು ಜನರನ್ನು ಕೊಂದರು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ನಾಲ್ಕೇ ದಿನದಲ್ಲಿ ಘೆಂಟ್‌ನಲ್ಲಿ ಕ್ಯಾಥೊಲಿಕ್ ಪ್ರಾಂತ್ಯಗಳೂ ದಂಗೆಯ ಪ್ರಾಂತ್ಯಗಳೂ ಒಪ್ಪಂದ ಮಾಡಿಕೊಂಡವು, ಸ್ಪೇನಿನ ಸೈನ್ಯ ಹೊರಗೆ ಹೋಗಬೇಕು ಅಂತ. ರಾಜಕೀಯವಾಗಿ ಎಲ್ಲರೂ ಒಂದು. ಆದರೆ ಧರ್ಮದ ವಿಷಯ ಮುಂದೂಡಿದರು, ಅದೇ ಒಪ್ಪಂದವನ್ನು ಮುರಿಯಿತು. ಘೆಂಟ್‌ನಲ್ಲಿ ಕ್ಯಾಲ್ವಿನ್ ಪಂಥದವರು ಅಧಿಕಾರ ಹಿಡಿದು ಅತಿರೇಕ ಮಾಡಿದರು. ಕ್ಯಾಥೊಲಿಕ್ ಶ್ರೀಮಂತರು ಬೇಸತ್ತು 1579ರ ಜನವರಿಯಲ್ಲಿ ಅರಾಸ್‌ನಲ್ಲಿ ಸೇರಿ ರಾಜನ ಕಡೆ ವಾಪಸಾದರು. ಅದೇ ತಿಂಗಳು ಉತ್ತರದವರು ಉಟ್ರೆಕ್ಟ್‌ನಲ್ಲಿ ಬೇರೆ ಒಕ್ಕೂಟ ಕಟ್ಟಿದರು. ಒಗ್ಗೂಡಿಸಿದ್ದು ರಾಜಕೀಯ, ಒಡೆದದ್ದು ಧರ್ಮ.

ಆಮೇಲೆ ಗಡಿ ಬರೆದದ್ದು ಸೈನ್ಯ. ಮಾರ್ಗರೆಟ್ ಅವರ ಮಗ ಪಾರ್ಮಾದ ಡ್ಯೂಕ್ ರಾಜನ ಪರವಾಗಿ ದಕ್ಷಿಣದ ಊರುಗಳನ್ನು ಒಂದೊಂದಾಗಿ ಗೆದ್ದ. 1585ರಲ್ಲಿ ಆಂಟ್‌ವರ್ಪ್ ಬಿತ್ತು. ಪ್ರಾಟೆಸ್ಟೆಂಟರಿಗೆ ಊರು ಬಿಡಲು ನಾಲ್ಕು ವರ್ಷ ಸಮಯ ಕೊಟ್ಟ. ಜನಸಂಖ್ಯೆ ಹೆಚ್ಚೂಕಮ್ಮಿ ಅರ್ಧಕ್ಕೆ ಇಳಿಯಿತು. ಹೋದವರು ದುಡ್ಡು, ಕಸುಬು, ನಂಬಿಕೆ ಎಲ್ಲ ಹೊತ್ತುಕೊಂಡು ಆಮ್‌ಸ್ಟರ್‌ಡ್ಯಾಂ, ಲೈಡನ್, ಹಾರ್ಲೆಮ್ ಸೇರಿದರು. ಉತ್ತರಕ್ಕೆ ದೊಡ್ಡ ನದಿಗಳು ಅಡ್ಡ ಇದ್ದವು, ಸೈನ್ಯ ದಾಟುವುದು ಕಷ್ಟ.

ಪ್ರಶ್ನೆ: ರಾಜ ಬೇಡ, ಪ್ರಜಾಪ್ರಭುತ್ವ ಬೇಕು ಅಂತ ಹೋರಾಡಿದ ಮೊದಲ ಜನ ಇವರೇನಾ? (ಪಿಯುಸಿ ವಿದ್ಯಾರ್ಥಿನಿ, ಜಯನಗರ)

ಉತ್ತರ: ಇಲ್ಲಮ್ಮ, ರಾಜ ಬೇಡ ಅಂತ ಅವರು ಹೇಳಲೇ ಇಲ್ಲ. ಈ ರಾಜ ಬೇಡ ಅಂದರು, ಅದೂ ಬಹಳ ತಡವಾಗಿ. 1581ರ ಜುಲೈ 26ರ ಘೋಷಣೆಯಲ್ಲಿ, ಪ್ರಜೆಗಳಿರುವುದು ದೊರೆಗಾಗಿ ಅಲ್ಲ, ದೊರೆ ಇರುವುದು ಪ್ರಜೆಗಳಿಗಾಗಿ, ಅವನು ಕಾಯುವುದು ಬಿಟ್ಟು ಹಿಂಸೆ ಕೊಟ್ಟರೆ ಬಿಟ್ಟುಬಿಡಬಹುದು ಅಂತ ವಾದಿಸಿ ಫಿಲಿಪ್‌ನನ್ನು ಕೈಬಿಟ್ಟರು. ಕೈಬಿಟ್ಟು ಏನು ಮಾಡಿದರು? ಬೇರೆ ದೊರೆ ಹುಡುಕಿದರು. ಫ್ರಾನ್ಸಿನ ರಾಜನ ತಮ್ಮನನ್ನು ಕರೆದರು, ಅವನು ತಾನೇ ಊರು ಕಬಳಿಸೋಕೆ ಹೋಗಿ ಸೋತ. 1584ರಲ್ಲಿ ಡೆಲ್ಫ್ಟ್‌ನಲ್ಲಿ ವಿಲಿಯಂ ಗುಂಡೇಟಿಗೆ ಬಲಿಯಾದ, ಅವನ ತಲೆಗೆ ಫಿಲಿಪ್ ಬಹುಮಾನ ಘೋಷಿಸಿದ್ದ. ಎಲಿಜಬೆತ್ ರಾಣಿಯನ್ನು ಕೇಳಿದರು, ಪಟ್ಟ ಬೇಡ ಅಂತ ಸಹಾಯಕ್ಕೆ ಸೈನ್ಯ ಮಾತ್ರ ಕಳಿಸಿದರು. ಯಾರೂ ಗಿಟ್ಟದೆ ಗಣರಾಜ್ಯ ಆದರು.

ನೆದರ್ಲೆಂಡ್ಸ್‌ನ ರಾಷ್ಟ್ರಗೀತೆ ವಿಲಿಯಂನೇ ಹಾಡುವ ಹಾಗಿದೆ. ಸ್ಪೇನಿನ ರಾಜನನ್ನು ನಾನು ಯಾವಾಗಲೂ ಗೌರವಿಸಿದ್ದೇನೆ ಅನ್ನುವ ಸಾಲನ್ನು ಅವರು ಫುಟ್‌ಬಾಲ್ ಮ್ಯಾಚಿನಲ್ಲಿ ಈಗಲೂ ಹಾಡುತ್ತಾರೆ.

ಪ್ರಶ್ನೆ: ಇದಕ್ಕೂ ನಮ್ಮ ಕರಾವಳಿಗೂ ಏನಾದರೂ ಸಂಬಂಧ? (ಕುಂದಾಪುರ ಮೂಲದವರು, ಈಗ ಹೆಬ್ಬಾಳ)

ಉತ್ತರ: ಇದೆ. 1580ರಲ್ಲಿ ಪೋರ್ಚುಗಲ್ ಕಿರೀಟವೂ ಫಿಲಿಪ್ ಕೈಗೆ ಬಂತು. ಅಲ್ಲಿಯ ತನಕ ಡಚ್ಚರು ಮೆಣಸು, ಮಸಾಲೆ ಕೊಳ್ಳುತ್ತಿದ್ದದ್ದು ಲಿಸ್ಬನ್‌ನಲ್ಲಿ. ಫಿಲಿಪ್ ಅಡ್ಡಿಪಡಿಸಿದಾಗ, ನಾವೇ ಹೋಗಿ ತರುತ್ತೇವೆ ಅಂತ 1595ರಲ್ಲಿ ಪೂರ್ವಕ್ಕೆ ಹಡಗು ಬಿಟ್ಟರು. 1602ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿತು. ಪೋರ್ಚುಗೀಸರನ್ನು ಹೊಡೆಯುವುದು ವ್ಯಾಪಾರವೂ ಹೌದು, ಯುದ್ಧವೂ ಹೌದು. 1663ರಲ್ಲಿ ಕೊಚ್ಚಿ ಕಿತ್ತುಕೊಂಡರು. ನಿಮ್ಮೂರ ಪಕ್ಕದ ಬಸರೂರಿನಲ್ಲೂ ಡಚ್ಚರ ಕೋಠಿ ಇತ್ತು, ಅಲ್ಲಿನ ಅಕ್ಕಿಗಾಗಿ, ಮೆಣಸಿಗಾಗಿ.

ಪ್ರಶ್ನೆ: ಮಗಳು ಆಮ್‌ಸ್ಟರ್‌ಡ್ಯಾಂನಲ್ಲಿದ್ದಾಳೆ, ಮುಂದಿನ ತಿಂಗಳು ಹೋಗುತ್ತಿದ್ದೇವೆ. ಗೆದ್ದ ಮೇಲೆ ಎಲ್ಲರಿಗೂ ಧರ್ಮದ ಸ್ವಾತಂತ್ರ್ಯ ಕೊಟ್ಟರಾ? ಇದನ್ನೆಲ್ಲ ನೋಡಬಹುದಾದ ಜಾಗ ಇದೆಯಾ? (ದಂಪತಿ, ರಾಜಾಜಿನಗರ)

ಉತ್ತರ: ಅರ್ಧ ಕೊಟ್ಟರು. ಉಟ್ರೆಕ್ಟ್ ಒಕ್ಕೂಟದ 13ನೇ ಕಲಮಿನ ಪ್ರಕಾರ, ನಂಬಿಕೆಯ ಕಾರಣಕ್ಕೆ ಯಾರನ್ನೂ ವಿಚಾರಣೆ ಮಾಡುವಂತಿಲ್ಲ. 1579ಕ್ಕೆ ಇದು ದೊಡ್ಡ ಮಾತು, ಸುಡುವುದು ನಿಂತಿತಲ್ಲ. ಆದರೆ ಹಾಲೆಂಡ್‌ನಲ್ಲಿ 1573ರಲ್ಲೇ ಕ್ಯಾಥೊಲಿಕ್ ಪೂಜೆಯನ್ನು ಬಹಿರಂಗವಾಗಿ ಮಾಡುವುದಕ್ಕೆ ನಿಷೇಧ ಹಾಕಿದ್ದರು. ಮನಸ್ಸಿನಲ್ಲಿ ಏನಾದರೂ ನಂಬಿ, ಬೀದಿಯಲ್ಲಿ ತೋರಿಸಬೇಡಿ ಅನ್ನುವ ಲೆಕ್ಕ. ಕ್ಯಾಥೊಲಿಕರು ಮನೆಯೊಳಗೆ ಗುಟ್ಟಾಗಿ ಚರ್ಚು ಕಟ್ಟಿಕೊಂಡರು, ಅಧಿಕಾರಿಗಳಿಗೂ ಗೊತ್ತಿತ್ತು, ಎಷ್ಟೋ ಕಡೆ ದುಡ್ಡು ತೆಗೆದುಕೊಂಡು ಸುಮ್ಮನಿರುತ್ತಿದ್ದರು. 1648ರಲ್ಲಿ ಮ್ಯೂನ್‌ಸ್ಟರ್ ಒಪ್ಪಂದದಲ್ಲಿ ಸ್ಪೇನ್ ಡಚ್ಚರ ಸ್ವಾತಂತ್ರ್ಯ ಒಪ್ಪಿಕೊಂಡ ಮೇಲೂ ಇದು ಬದಲಾಗಲಿಲ್ಲ.

ಅಂಥದ್ದೊಂದು ಚರ್ಚು ಆಮ್‌ಸ್ಟರ್‌ಡ್ಯಾಂನಲ್ಲಿ ಈಗಲೂ ಇದೆ, 1660ರ ದಶಕದ್ದು. ಹೊರಗಿಂದ ನೋಡಿದರೆ ಕಾಲುವೆ ಪಕ್ಕದ ಮಾಮೂಲಿ ವ್ಯಾಪಾರಿಯ ಮನೆ, ಮೇಲಿನ ಅಟ್ಟದಲ್ಲಿ ಪೂರ್ತಿ ಚರ್ಚು. 1888ರಿಂದ ಮ್ಯೂಸಿಯಂ. ಹೆಸರು 'ಅಟ್ಟದ ಮೇಲಿನ ನಮ್ಮ ಪ್ರಭು' ಅಂತ, ಓಲ್ಡ್ ಚರ್ಚ್ ಹತ್ತಿರ, ಸೆಂಟ್ರಲ್ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಕೆಂಪು ದೀಪದ ಬೀದಿಗಳು ಪಕ್ಕದಲ್ಲೇ ಇವೆ, ಮಗಳು ಜೊತೆಗಿದ್ದರೆ ದಾರಿ ತೋರಿಸುತ್ತಾಳೆ. ಮೆಟ್ಟಿಲುಗಳು ಕಡಿದು, ಕಿರಿದು. ಮಂಡಿ ನೋವಿದ್ದವರು ಬೆಳಿಗ್ಗೆಯೇ, ಜನ ಕಮ್ಮಿ ಇರುವಾಗ ಹೋಗಿ.